ಕಾರಿನ ಮೇಲೆ ಬಿದ್ದ ಬೀಜದಿಂದ ಶುರು ಮಾಡಿ

(ಬಾವಲಿ ನಡಿಗೆ ನಡೆಸಲು ತಯಾರಾಗುತ್ತಿರುವ ಶಿಕ್ಷಕರು ಮತ್ತು ಸ್ವಯಂಸೇವಕರಿಗೆ ಬೆಂಗಳೂರಿನಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಹೆಚ್ಚಿನವರು ಜನರಿಗೆ ಹಕ್ಕಿ ತೋರಿಸಿ ಅಭ್ಯಾಸ ಇರುವವರು. ಹಕ್ಕಿ ನೋಡಲು ಬೆಳಿಗ್ಗೆ ಆರೂವರೆಗೆ ಲಾಲ್‌ಬಾಗ್ ಗೇಟಿಗೆ ಬನ್ನಿ ಅಂದರೆ ಜನ ಬರುತ್ತಾರೆ. ಹಕ್ಕಿ ಇಷ್ಟ ಅಂತಲೇ ಬರುತ್ತಾರೆ. ಬಾವಲಿಯ ಕತೆ ಹಾಗಲ್ಲ. ಬಡಾವಣೆಯ ಸಂಘದವರು ನಮಗೆ ಫೋನ್ ಮಾಡುವುದು ಬಾವಲಿ ನೋಡಬೇಕು ಅಂತಲ್ಲ. "ಸಾರ್, ಇವನ್ನ ಓಡಿಸೋದು ಹೇಗೆ?" ಅಂತ ಕೇಳಲು. ಕಾರು ಗಲೀಜಾಗಿದೆ, ಹೊಸದಾಗಿ ಬಣ್ಣ ಹೊಡೆಸಿದ ಗೋಡೆ ಹಾಳಾಗಿದೆ, ಸೀಬೆ ಹಣ್ಣು ಒಂದೂ ಕೈಗೆ ಸಿಗುತ್ತಿಲ್ಲ. ಇದು ಅವರ ದೂರು.

ಇದನ್ನು ಕೇಳಿದ ತಕ್ಷಣ ನಮ್ಮವರು ಪಾಠ ಶುರು ಮಾಡುತ್ತಾರೆ. ಬಾವಲಿ ಪರಿಸರಕ್ಕೆ ಬಹಳ ಮುಖ್ಯ, ಪರಾಗಸ್ಪರ್ಶ, ಬೀಜ ಪ್ರಸರಣ, ಕೀಟ ನಿಯಂತ್ರಣ ಅಂತ. ಎದುರಿಗಿರುವವರು ಮರ್ಯಾದೆಗೆ ತಲೆ ಆಡಿಸುತ್ತಾರೆ. ಮನೆಗೆ ಹೋಗಿ ಮರ ಕಡಿಸಲು ಅರ್ಜಿ ಬರೆಯುತ್ತಾರೆ. ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಇಷ್ಟೇ: ಜನ ಯಾವ ದೂರು ತಂದರೋ ಅಲ್ಲಿಂದಲೇ ಶುರು ಮಾಡಿ. ಬಾವಲಿಯ ಉಪಯೋಗದ ಪಟ್ಟಿ ಆಮೇಲೆ.

ಮೊದಲು ಆ ಕಾರಿನ ಹತ್ತಿರ ಹೋಗಿ. ಅದರ ಮೇಲೆ ಏನು ಬಿದ್ದಿದೆ ನೋಡಿ. ಬೆಂಗಳೂರಿನ ಬಡಾವಣೆಗಳಲ್ಲಿ ಈ ಕೆಲಸ ಮಾಡುವುದು ಹೆಚ್ಚಾಗಿ ಗಿಡ್ಡ ಮೂತಿಯ ಹಣ್ಣುಬಾವಲಿ. ತೂಕ ಸುಮಾರು 50 ಗ್ರಾಂ. ಇದು ಹಣ್ಣಿನ ಮರದಲ್ಲೇ ಕೂತು ತಿನ್ನುವುದು ಕಡಿಮೆ. ಹಣ್ಣನ್ನು ಬಾಯಲ್ಲಿ ಕಚ್ಚಿಕೊಂಡು ಹಾರಿ ಬಂದು, ಇನ್ನೊಂದು ಕಡೆ ಜೋತುಬಿದ್ದು ತಿನ್ನುತ್ತದೆ. ಆ ಇನ್ನೊಂದು ಕಡೆ ಅಂದರೆ ನಿಮ್ಮ ಪೋರ್ಟಿಕೋ, ಬಾಲ್ಕನಿ, ಕಾಂಪೌಂಡಿನ ಉದ್ದನೆಯ ಅಶೋಕ ಮರ. ಹಣ್ಣನ್ನು ಅಗಿದು, ರಸ ನುಂಗಿ, ನಾರನ್ನು ಉಂಡೆ ಮಾಡಿ ಉಗಿಯುತ್ತದೆ. ಕಾರಿನ ಮೇಲೆ ಒಣಗಿರುವ ಕಂದು ಉಂಡೆ ಅದೇ. ಬಾವಲಿ ಬಾಯಲ್ಲೇ ತಿಂದು ಬಾಯಲ್ಲೇ ಹೇಲುತ್ತದೆ ಅಂತ ನಮ್ಮ ಹಳ್ಳಿಗಳಲ್ಲಿ ಹೇಳುತ್ತಾರಲ್ಲ, ಅದು ಹುಟ್ಟಿದ್ದು ಇದನ್ನು ನೋಡಿಯೇ ಇರಬೇಕು. ನೋಡಿದ್ದು ಸರಿ, ಅರ್ಥ ಮಾಡಿಕೊಂಡದ್ದು ತಪ್ಪು. ಹಿಕ್ಕೆ ಹಾಕುವಾಗ ಅದು ಹೆಬ್ಬೆರಳಿನ ಉಗುರಿನಿಂದ ಕೊಂಬೆ ಹಿಡಿದು ಮೈಯನ್ನು ತಿರುಗಿಸಿಕೊಳ್ಳುತ್ತದೆ. ಇದನ್ನು ಹೇಳಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ ಬಿಡಿ. ಮರೆಯುವುದಿಲ್ಲ.

ಈಗ ಒಂದು ಹಳೆ ದಿನಪತ್ರಿಕೆ ಹಾಸಿ. ರಾತ್ರಿಯಿಡೀ ಅಲ್ಲೇ ಇರಲಿ. ಬೆಳಿಗ್ಗೆ ಬಿದ್ದದ್ದನ್ನು ಮಕ್ಕಳ ಕೈಲಿ ಕಡ್ಡಿಯಿಂದ ಬೇರೆ ಬೇರೆ ಮಾಡಿಸಿ. ಕೈಗವಸು ಇರಲಿ, ಆಮೇಲೆ ಸೋಪು ಹಾಕಿ ಕೈ ತೊಳೆಸಿ. ಸುತ್ತಲೂ ಗೀರು ಇರುವ ಉದ್ದನೆಯ ಬೀಜ ಅಶೋಕದ್ದು. ನಾರುನಾರಾದ ದೊಡ್ಡ ಓಟೆ ಕಾಡುಬಾದಾಮಿಯದು. ಸಾಸಿವೆಗಿಂತ ಚಿಕ್ಕ ಚುಕ್ಕೆಗಳು ಅತ್ತಿ, ಆಲ, ಅರಳಿಯದೋ, ಗಸಗಸೆ ಹಣ್ಣಿನದೋ ಇರುತ್ತವೆ. ಗಸಗಸೆ ಮರ ಗೊತ್ತಲ್ವಾ? ಶಾಲೆಯಿಂದ ಬರುವಾಗ ಕಿತ್ತು ತಿನ್ನುತ್ತಿದ್ದ ಕೆಂಪು ಹಣ್ಣು. ಆ ಮರವನ್ನು ಯಾರೂ ಗುಂಡಿ ತೋಡಿ ನೆಟ್ಟಿರುವುದಿಲ್ಲ. ಚರಂಡಿ ಪಕ್ಕ, ಖಾಲಿ ಸೈಟಿನ ಮೂಲೆಯಲ್ಲಿ ತಾನೇ ಎದ್ದಿರುತ್ತದೆ. ಬೀಜವನ್ನು ಹಗಲು ಹಕ್ಕಿ, ಅಳಿಲು ಹರಡುತ್ತವೆ, ರಾತ್ರಿ ಬಾವಲಿ. ಹಣ್ಣುಬಾವಲಿ ತಿಂದದ್ದು ಅರ್ಧ ಗಂಟೆ ಆಸುಪಾಸಿನಲ್ಲಿ ಹೊರಗೆ ಬಂದುಬಿಡುತ್ತದೆ. ಹಾರುವ ಪ್ರಾಣಿ ಹೊಟ್ಟೆಯಲ್ಲಿ ಭಾರ ಇಟ್ಟುಕೊಳ್ಳುವ ಹಾಗಿಲ್ಲ ನೋಡಿ. ಅಷ್ಟರಲ್ಲಿ ಅದು ಒಂದು ಬಡಾವಣೆ ದಾಟಿರುತ್ತದೆ.

ಮಕ್ಕಳು ಆ ಪೇಪರಿನಿಂದ ಹುಡುಕಿದ್ದನ್ನೆಲ್ಲ ಗುರುತಿಸಿ, "ಈ ಮರ ನಮ್ಮ ಬೀದಿಯಲ್ಲಿ ಇಲ್ವಲ್ಲ, ಎಲ್ಲಿಂದ ತಂತು?" ಅಂತ ಕೇಳಿದರೆ ನಿಮ್ಮ ಬೀಜ ಪ್ರಸರಣದ ಪಾಠ ಮುಗಿಯಿತು. ನೀವು ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ.

ಆದರೆ ಕಾರಿನ ಯಜಮಾನರ ಸಮಸ್ಯೆ ಹಾಗೇ ಇದೆ. ಅದಕ್ಕೆ ಉತ್ತರ ಕೊಡದೆ ಅಲ್ಲಿಂದ ಹೊರಡಬೇಡಿ. ಕಾರಿಗೆ ಕವರ್ ಹಾಕಿ, ಅಥವಾ ನಾಲ್ಕು ಅಡಿ ಆಚೆ ನಿಲ್ಲಿಸಿ. ಬಾವಲಿ ಜೋತುಬೀಳುವ ಕೊಕ್ಕೆ, ತಂತಿ, ಸೂರಿನ ಅಂಚು ಯಾವುದು ಅಂತ ಹುಡುಕಿ, ಅಲ್ಲಿ ಕಾಲಿಗೆ ಹಿಡಿತ ಸಿಗದ ಹಾಗೆ ಮಾಡಿ. ಪೋರ್ಟಿಕೋದಲ್ಲಿ ಕೆಲವು ದಿನ ಸಂಜೆ ದೀಪ ಉರಿಯಲಿ, ಅದು ಬೇರೆ ಜಾಗ ನೋಡಿಕೊಳ್ಳುತ್ತದೆ. ಸೀಬೆ, ಸಪೋಟ ಬೇಕಿದ್ದರೆ ಬಲಿತ ಕಾಯಿಗೆ ಒಂದೊಂದಾಗಿ ಬಟ್ಟೆ ಚೀಲ ಕಟ್ಟಿ. ಮರಕ್ಕೆ ಸಡಿಲವಾದ ಬಲೆ ಹೊದಿಸಲು ಮಾತ್ರ ಯಾರಿಗೂ ಹೇಳಬೇಡಿ. ಬಾವಲಿ ಅದರಲ್ಲಿ ಸಿಕ್ಕಿ ರೆಕ್ಕೆ ಹರಿದುಕೊಂಡು ಸಾಯುತ್ತದೆ. ಹಕ್ಕಿ, ಹಾವು ಕೂಡ. ಇಷ್ಟು ಸಹಾಯ ಮಾಡಿದ ಮೇಲೆ ಅವರೇ ಕೇಳುತ್ತಾರೆ, "ಇದು ಹಗಲು ಎಲ್ಲಿರುತ್ತೆ?" ಅಂತ. ಆಗ ತೋರಿಸಿ. ಬೈನೆ ಮರದ ಗೊಂಚಲಿನೊಳಗೆ, ದಟ್ಟ ಬಳ್ಳಿಯೊಳಗೆ, ಅಶೋಕದ ಎಲೆಗಳ ನಡುವೆ ಗಂಡು ಬಾವಲಿ ಕಡ್ಡಿಗಳನ್ನು ಕಚ್ಚಿ ಕಚ್ಚಿ ಒಂದು ಗೂಡಿನಂಥ ಜಾಗ ಮಾಡುತ್ತದೆ. ಅದು ಚೆನ್ನಾಗಿದ್ದರೆ ಹೆಣ್ಣುಗಳು ಬಂದು ಸೇರುತ್ತವೆ. ಬಾವಲಿ ಮನೆ ಕಟ್ಟುತ್ತದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಇಲ್ಲಿ ಒಂದು ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. "ಒಂದು ಬಾವಲಿ ಗಂಟೆಗೆ ಸಾವಿರ ಸೊಳ್ಳೆ ತಿನ್ನುತ್ತದೆ" ಅನ್ನುವ ಸಾಲು ಎಲ್ಲ ಪೋಸ್ಟರಿನಲ್ಲೂ ಇರುತ್ತದೆ. ದಯವಿಟ್ಟು ಹೇಳಬೇಡಿ. ಅದು ಕೋಣೆಯೊಳಗೆ ಹುಳ ಬಿಟ್ಟು ಮಾಡಿದ ಪ್ರಯೋಗದ ಲೆಕ್ಕವನ್ನು ಹಿಗ್ಗಿಸಿ ಮಾಡಿದ್ದು. ಬಯಲಿನಲ್ಲಿ ಹಾರುವ ಬಾವಲಿ ಪತಂಗ, ಜೀರುಂಡೆ, ನೊಣ, ರೆಕ್ಕೆ ಬಂದ ಗೆದ್ದಲು, ಸೊಳ್ಳೆ, ಹೀಗೆ ಸಿಕ್ಕಿದ್ದನ್ನು ತಿನ್ನುತ್ತದೆ. ಇನ್ನು ಬೆಂಗಳೂರಿನಲ್ಲಿ ಜನ ಹೆದರುವುದು ಡೆಂಗಿ ಸೊಳ್ಳೆಗೆ. ಆ ಸೊಳ್ಳೆ ಕಚ್ಚುವುದು ಹಗಲು. ಬಾವಲಿ ಏಳುವುದು ಸೂರ್ಯ ಮುಳುಗಿದ ಮೇಲೆ. ಎರಡಕ್ಕೂ ಭೇಟಿಯೇ ಕಷ್ಟ! ನೀವು ಸಾವಿರ ಸೊಳ್ಳೆಯ ಆಸೆ ತೋರಿಸಿ, ಮಳೆಗಾಲದಲ್ಲಿ ಅದೇ ಬೀದಿಯಲ್ಲಿ ನಾಲ್ಕು ಜನಕ್ಕೆ ಡೆಂಗಿ ಬಂದರೆ ಅವರು ನಿಮ್ಮ ಬೇರೆ ಮಾತುಗಳನ್ನೂ ನಂಬುವುದಿಲ್ಲ. ಹುಳ ತಿನ್ನುವ ಬಾವಲಿಗಳಿಂದ ಬೆಳೆಗಾರರಿಗೆ ನಿಜವಾಗಿ ಲಾಭ ಇದೆ. ಅದನ್ನು ಅಷ್ಟಕ್ಕೇ ಹೇಳಿ.

ಇದೇ ಮಾತು ರೋಗದ ವಿಷಯಕ್ಕೂ. ನಡಿಗೆಯಲ್ಲಿ ಯಾರಾದರೂ ನಿಪಾ ಬಗ್ಗೆ ಕೇಳಿಯೇ ಕೇಳುತ್ತಾರೆ. "ಅಯ್ಯೋ, ಅದೆಲ್ಲ ಸುಳ್ಳು" ಅಂತ ತಳ್ಳಿಹಾಕುವ ಉತ್ಸಾಹಿಗಳನ್ನು ನೋಡಿದ್ದೇನೆ. ಸುಳ್ಳಲ್ಲ. ತೋಪುಗಳಲ್ಲಿ ಜೋತುಬೀಳುವ ನಮ್ಮ ದೊಡ್ಡ ಬಾವಲಿಯ ಮೈಯಲ್ಲಿ ನಿಪಾ ವೈರಸ್ ಇರುತ್ತದೆ. 1998–99ರಲ್ಲಿ ಮಲೇಷ್ಯಾದಲ್ಲಿ ಅಲ್ಲಿನ ಬಾವಲಿಯಿಂದ ಹಂದಿಗೆ, ಹಂದಿಯಿಂದ ಮನುಷ್ಯರಿಗೆ ಬಂತು. ನಮ್ಮಲ್ಲಿ 2001ರಲ್ಲಿ ಸಿಲಿಗುರಿ, 2018ರ ಮೇ ತಿಂಗಳಲ್ಲಿ ಕೋಳಿಕ್ಕೋಡ್. ಆಮೇಲೂ ಕೇರಳದಲ್ಲಿ ಬಂದಿದೆ. ಕೇರಳ ನಮ್ಮ ಪಕ್ಕದ ರಾಜ್ಯ, ಜನ ಹೆದರುವುದು ಸಹಜ. ಹೆದರಿಕೆಯನ್ನು ಅಣಕಿಸಬೇಡಿ.

ಬಾಂಗ್ಲಾದೇಶದ ಉದಾಹರಣೆ ಹೇಳಿ. ಅಲ್ಲಿ ಚಳಿಗಾಲದಲ್ಲಿ ಈಚಲು ಮರಕ್ಕೆ ಗಡಿಗೆ ಕಟ್ಟಿ ರಾತ್ರಿಯೆಲ್ಲ ರಸ ಇಳಿಸುತ್ತಾರೆ. ಬೆಳಿಗ್ಗೆ ಹಸಿಯಾಗಿಯೇ ಕುಡಿಯುತ್ತಾರೆ. ರಾತ್ರಿ ಬಾವಲಿಗಳು ಬಂದು ಮರದ ಕೆತ್ತಿದ ಜಾಗವನ್ನು ನೆಕ್ಕುವುದು ಕ್ಯಾಮೆರಾದಲ್ಲಿ ಸಿಕ್ಕಿತು. ಜೊಲ್ಲು, ಮೂತ್ರ ರಸಕ್ಕೆ ಸೇರುತ್ತಿತ್ತು. ಉಪಾಯ ಏನು ಅಂದರೆ, ಬಿದಿರಿನ ಸಣ್ಣ ತಟ್ಟಿ. ಕೆತ್ತಿದ ಜಾಗ ಮತ್ತು ಗಡಿಗೆ ಮುಚ್ಚುವ ಹಾಗೆ ಕಟ್ಟಿದರೆ ಬಾವಲಿಗೆ ರಸ ಮುಟ್ಟಲು ಆಗುವುದಿಲ್ಲ. ರಸ ಇಳಿಸುವವನ ಬದುಕೂ ನಡೆಯಿತು, ಬಾವಲಿಯೂ ಉಳಿಯಿತು. ನನಗೆ ಈ ಉದಾಹರಣೆ ಬಹಳ ಇಷ್ಟ. ಮರ ಕಡಿಯುವುದು, ಪಟಾಕಿ ಹೊಡೆದು ಓಡಿಸುವುದು ಇದಕ್ಕೆ ತದ್ವಿರುದ್ಧ. ಆಸ್ಟ್ರೇಲಿಯಾದಲ್ಲಿ ನಿಪಾದ ಹತ್ತಿರದ ಸಂಬಂಧಿಯಾದ ಹೆಂಡ್ರಾ ವೈರಸ್ ಮೇಲೆ ನಡೆದ ಅಧ್ಯಯನಗಳು, ಊಟ ಮತ್ತು ನೆಲೆ ಕಳೆದುಕೊಂಡು ಸೊರಗಿದ ಬಾವಲಿಗಳು ವೈರಸ್ಸನ್ನು ಜಾಸ್ತಿ ಹೊರಹಾಕುತ್ತವೆ ಅಂತ ತೋರಿಸಿವೆ. ಓಡಿಸಿದರೆ ಅಪಾಯ ಕಡಿಮೆ ಆಗುವುದಿಲ್ಲ, ಹರಡುತ್ತದೆ.

ಆಮೇಲೆ ಮನೆಗೆ ಬೇಕಾದ ಮಾತು. ಪ್ರಾಣಿ ಕಚ್ಚಿದ ಹಣ್ಣು ತಿನ್ನಬೇಡಿ, ಉಳಿದ ಭಾಗವನ್ನು ಕತ್ತರಿಸಿಯೂ ತಿನ್ನಬೇಡಿ. ಹಣ್ಣು ತೊಳೆದು ಸಿಪ್ಪೆ ತೆಗೆದು ತಿನ್ನಿ. ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಚ್ಚಿದರೆ, ಪರಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ತಲೆ ಮೇಲೆ ಹಾರಿದ್ದಕ್ಕೆ ಏನೂ ಆಗುವುದಿಲ್ಲ. ಅಷ್ಟೇ.

2020ರಲ್ಲಿ ಏನಾಯಿತು ನೆನಪಿದೆ ಅಲ್ವಾ? ಕೊರೊನಾ ಹೆಸರಿನಲ್ಲಿ ಬಾವಲಿ ಇರುವ ಮರಗಳ ಮೇಲೆ ಜನರ ಕಣ್ಣು ಬಿತ್ತು. ಆ ವರ್ಷ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಗೋರಖ್‌ಪುರದಲ್ಲಿ ದೊಡ್ಡ ಬಾವಲಿಗಳು ಮರದಿಂದ ಉದುರಿ ಸತ್ತವು. ಊರೆಲ್ಲ ಗಾಬರಿ. ಬರೇಲಿಯ ಪಶುವೈದ್ಯ ಸಂಶೋಧನಾ ಸಂಸ್ಥೆ ಪರೀಕ್ಷೆ ಮಾಡಿ, ಸತ್ತದ್ದು ಬಿಸಿಲಿನ ಹೊಡೆತಕ್ಕೆ ಅಂದಿತು. ಈ ಬಾವಲಿಗಳು ತೆರೆದ ಮರದಲ್ಲೇ ಹಗಲೆಲ್ಲ ನೇತಾಡುತ್ತವೆ. ತಾಪ 42 ಡಿಗ್ರಿ ದಾಟಿದರೆ ತಡೆಯಲು ಅವಕ್ಕೆ ಕಷ್ಟ. ಕೆರೆ ಪಕ್ಕದ ಹಳೆ ತೋಪುಗಳನ್ನು ಅವು ಯಾಕೆ ಬಿಡುವುದಿಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ. ನಮ್ಮ ಬೆಂಗಳೂರು ಸುತ್ತಲಿನ ಗುಂಡುತೋಪುಗಳು ಹೋದದ್ದು ಬಸ್ ನಿಲ್ದಾಣ, ಸೈಟು, ರಸ್ತೆ ಅಂತ. ಬಾವಲಿಗಾಗಿ ತೋಪು ಯಾರು ಉಳಿಸುತ್ತಾರೆ ಹೇಳಿ.

ಹೆದರಿಕೆಗೆ ಇನ್ನೊಂದು ಮುಖ ಅಪಶಕುನ. ಬಾವಲಿ ಮನೆಯೊಳಗೆ ಬಂದರೆ ಕೇಡು, ಮನೆ ಬಿಡಬೇಕು, ಶಾಂತಿ ಮಾಡಿಸಬೇಕು. ಇದನ್ನು ಹೇಳುವ ಅಜ್ಜಿಯ ಜೊತೆ ವಾದಕ್ಕೆ ಇಳಿಯಬೇಡಿ, ಗೆಲ್ಲುವುದಿಲ್ಲ. "ಶಾಂತಿ ಆಮೇಲೆ ಮಾಡಿಸಿ ಅಜ್ಜಿ, ಮೊದಲು ಫ್ಯಾನ್ ಆಫ್ ಮಾಡಿ" ಅನ್ನಿ. ಮನೆಯೊಳಗೆ ಬಂದ ಬಾವಲಿಯನ್ನು ಕೊಲ್ಲುವುದು ಸೀಲಿಂಗ್ ಫ್ಯಾನು. ಫ್ಯಾನ್ ನಿಲ್ಲಿಸಿ, ಒಳಗಿನ ದೀಪ ಆರಿಸಿ, ಬೇರೆ ಕೋಣೆಯ ಬಾಗಿಲು ಹಾಕಿ, ಕಿಟಕಿ ಪೂರ್ತಿ ತೆಗೆದು ಸುಮ್ನೆ ಹೊರಗೆ ನಿಂತರೆ ಸಾಕು, ಬಹಳ ಸಲ ತಾನೇ ಹೋಗುತ್ತದೆ. ಹುಳದ ಬೆನ್ನು ಹತ್ತಿ ಬಂದಿರುತ್ತದೆ, ದಾರಿ ತಪ್ಪಿರುತ್ತದೆ. ನೆಲಕ್ಕೆ ಬಿದ್ದಿದ್ದರೆ ದಪ್ಪ ಬಟ್ಟೆಯಿಂದ ಹಿಡಿದು, ರಟ್ಟಿನ ಡಬ್ಬಿಯಲ್ಲಿ ಒಂದು ಬಟ್ಟೆ ಇಳಿಬಿಟ್ಟು ಅದಕ್ಕೆ ಜೋತುಬೀಳಲು ಬಿಡಿ. ಗಾಯ ಇದ್ದರೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಯಂಥ ಕಡೆಗೆ ತಿಳಿಸಿ. ನೈಲಾನ್ ಮಾಂಜಾಕ್ಕೆ ಸಿಕ್ಕಿದ ಬಾವಲಿಯ ರೆಕ್ಕೆಯನ್ನು ನೀವೇ ಬಿಡಿಸಲು ಹೋಗಬೇಡಿ, ದಾರದ ಸಮೇತ ಕೊಡಿ.

ರೆಕ್ಕೆ ಅಂದೆನಲ್ಲ, ಒಂದು ನಿಮಿಷ ಎಲ್ಲರೂ ಕೈ ಮುಂದೆ ಚಾಚಿ. ಬೆರಳು ಅಗಲಿಸಿ. ಈ ನಾಲ್ಕು ಬೆರಳು ನಿಮ್ಮ ಮೊಣಕಾಲು ಮುಟ್ಟುವಷ್ಟು ಉದ್ದ ಬೆಳೆದಿವೆ, ನಡುವೆ ಕೊಡೆಯ ಬಟ್ಟೆಯ ಹಾಗೆ ತೆಳ್ಳಗಿನ ಚರ್ಮ ಇದೆ ಅಂದುಕೊಳ್ಳಿ. ಹೆಬ್ಬೆರಳು ಮಾತ್ರ ಹೊರಗೆ. ಇದೇ ಬಾವಲಿ. ಸಸ್ತನಿಗಳಲ್ಲಿ ನಿಜವಾಗಿ ರೆಕ್ಕೆ ಬಡಿದು ಹಾರುವುದು ಇದೊಂದೇ. ಜಗತ್ತಿನಲ್ಲಿ 1,400ಕ್ಕೂ ಹೆಚ್ಚು ಜಾತಿ, ನಮ್ಮ ದೇಶದಲ್ಲಿ 130 ದಾಟುತ್ತದೆ. ರಕ್ತ ಕುಡಿಯುವವು ಮೂರೇ ಜಾತಿ, ಮೂರೂ ಅಮೆರಿಕ ಖಂಡದಲ್ಲಿ. ಹೆಚ್ಚಿನ ಬಾವಲಿಗಳು ವರ್ಷಕ್ಕೆ ಒಂದೇ ಮರಿ ಹಾಕುತ್ತವೆ. ಹಾಗಾಗಿ ಒಂದು ಮರ ಕಡಿದಾಗ ಹೋದ ಗುಂಪು ಮತ್ತೆ ಕೂಡಿಕೊಳ್ಳಲು ವರ್ಷಗಟ್ಟಲೆ ಬೇಕು.

ಈಗ ನಡಿಗೆಯ ವಿಷಯ. ಅದಕ್ಕೆ ಕೆರೆಯಂಥ ಜಾಗ ಇನ್ನೊಂದಿಲ್ಲ. ಹೆಬ್ಬಾಳ, ಜಕ್ಕೂರು, ಪುಟ್ಟೇನಹಳ್ಳಿ, ನಿಮಗೆ ಹತ್ತಿರ ಯಾವುದೋ ಅದು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಚಿಕ್ಕ ಬಾವಲಿಗಳು ಸುತ್ತು ಹೊಡೆಯಲು ಶುರು ಮಾಡುತ್ತವೆ. ಆಗ ಬ್ಯಾಟ್ ಡಿಟೆಕ್ಟರ್ ಹಚ್ಚಿ. ನಾವು ಕೇಳುವುದು 20 ಕಿಲೋಹರ್ಟ್ಜ್ ತನಕ, ಅದೂ ಚಿಕ್ಕ ವಯಸ್ಸಿನಲ್ಲಿ. ಈ ಬಾವಲಿಗಳ ಕೂಗು ಅದಕ್ಕಿಂತ ಬಹಳ ಮೇಲೆ. ಡಿಟೆಕ್ಟರ್ ಅದನ್ನು ನಮ್ಮ ಕಿವಿಗೆ ಇಳಿಸುತ್ತದೆ. 45–50ರ ಹತ್ತಿರ ಇಟ್ಟು ಹುಡುಕಿ. ಟಿಕ್, ಟಿಕ್, ಟಿಕ್ ಅಂತ ಬರುತ್ತದೆ. ಇದ್ದಕ್ಕಿದ್ದಂತೆ ಆ ಟಿಕ್‌ಗಳು ಒಂದಕ್ಕೊಂದು ಅಂಟಿ ಬರ್ರ್ ಅನ್ನುತ್ತವೆ. ಹುಳ ಹಿಡಿಯುವ ಗಳಿಗೆ ಅದು. ಅಲ್ಲಿಯವರೆಗೆ ಫೋನ್ ನೋಡುತ್ತಿದ್ದ ಹುಡುಗರು ತಲೆ ಎತ್ತುವುದು ಆಗ.

ಡಿಟೆಕ್ಟರ್ ಇಲ್ಲದಿದ್ದರೂ ಚಿಂತೆ ಇಲ್ಲ. ಕಣ್ಣಾಮುಚ್ಚಾಲೆ ಆಡಿಸಿ. ಒಂದು ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ, ಅದು ಬಾವಲಿ. ಮೂರು ಮಕ್ಕಳು ಪತಂಗ. ಉಳಿದವರು ಕೈ ಹಿಡಿದು ಸುತ್ತ ಗೋಡೆ. ಬಾವಲಿ "ಓ" ಅಂದಾಗಲೆಲ್ಲ ಪತಂಗಗಳು "ಓ" ಅನ್ನಲೇಬೇಕು. ಮೊದಮೊದಲು ಮಗು ನಿಧಾನವಾಗಿ ಕೂಗುತ್ತದೆ, ಪತಂಗ ತಪ್ಪಿಸಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಯಾರೂ ಹೇಳಿಕೊಡದೆ, ಹತ್ತಿರ ಬಂದಾಗ ಓ ಓ ಓ ಓ ಅಂತ ಒಂದೇ ಸಮ ಕೂಗಲು ಶುರು ಮಾಡುತ್ತದೆ. ಆ ಬರ್ರ್ ಯಾಕೆ ಅಂತ ಮಕ್ಕಳಿಗೆ ಮತ್ತೆ ವಿವರಿಸಬೇಕಾಗಿಲ್ಲ.

ಶಿಕ್ಷಕರಿಗಾಗಿ ಒಂದು ಹಳೆ ಕತೆ. 1793ರ ಸುಮಾರಿಗೆ ಇಟಲಿಯ ಸ್ಪಲಾಂಜಾನಿ ಅನ್ನುವ ವಿಜ್ಞಾನಿ ಪೂರ್ತಿ ಕತ್ತಲಲ್ಲಿ ಗೂಬೆ ತಡಕಾಡುತ್ತದೆ, ಬಾವಲಿ ತಡಕಾಡುವುದಿಲ್ಲ ಅಂತ ಕಂಡುಕೊಂಡರು. ಜಿನೀವಾದ ಜ್ಯೂರಿನ್ ಬಾವಲಿಯ ಕಿವಿ ಮುಚ್ಚಿ ನೋಡಿದರು. ಎಲ್ಲದಕ್ಕೂ ಡಿಕ್ಕಿ ಹೊಡೆಯಿತು. ಸದ್ದೇ ಮಾಡದ ಪ್ರಾಣಿ ಕಿವಿಯಿಂದ ನೋಡುವುದು ಹೇಗೆ ಅಂತ ಆ ಕಾಲದ ದೊಡ್ಡವರು ನಕ್ಕರು. ಸುಮಾರು 140 ವರ್ಷ ಹಾಗೇ ಹೋಯಿತು. 1938ರಲ್ಲಿ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಡೊನಾಲ್ಡ್ ಗ್ರಿಫಿನ್ ತನ್ನ ಬಾವಲಿಗಳನ್ನು ಪಿಯರ್ಸ್ ಅನ್ನುವ ಭೌತಶಾಸ್ತ್ರದ ಮೇಷ್ಟ್ರ ಯಂತ್ರದ ಮುಂದೆ ಹಿಡಿದಾಗ ಗೊತ್ತಾಯಿತು, ಅವು ಸುಮ್ನೆ ಇರಲೇ ಇಲ್ಲ, ಕಿರುಚುತ್ತಲೇ ಇದ್ದವು. ಆದರೆ ನಮ್ಮ ಹಣ್ಣುಬಾವಲಿಗಳಿಗೆ ಈ ಪಾಠ ಹಚ್ಚಬೇಡಿ. ಅವುಗಳಲ್ಲಿ ಹೆಚ್ಚಿನವು ದೊಡ್ಡ ಕಣ್ಣಿನಿಂದ, ಮೂಗಿನಿಂದ ದಾರಿ ಹುಡುಕುತ್ತವೆ. ಗುಹೆಯಲ್ಲಿ ಇರುವ ಒಂದು ಜಾತಿ ಮಾತ್ರ ನಾಲಿಗೆ ಲೊಚಗುಟ್ಟಿ ಪ್ರತಿಧ್ವನಿ ಕೇಳುತ್ತದೆ. ಕಣ್ಣಿಲ್ಲದ ಬಾವಲಿ ಅನ್ನುವುದು ಯಾವುದೂ ಇಲ್ಲ.

ನಡಿಗೆಯ ನಿಯಮ ಎರಡೇ. ಜೋತುಬಿದ್ದ ಬಾವಲಿಯ ಮುಖಕ್ಕೆ ಟಾರ್ಚ್ ಬಿಡಬಾರದು. ಫೋಟೋಗಾಗಿ ಚಪ್ಪಾಳೆ ತಟ್ಟಿ ಎಬ್ಬಿಸಬಾರದು. ಎದೆಗೆ ಮರಿ ಕಚ್ಚಿಕೊಂಡಿರುವ ತಾಯಿಗಳು ಇರುತ್ತವೆ.

ಜನರ ಮನಸ್ಸು ಬದಲಾಗುತ್ತದಾ ಅಂತ ನಿಮಗೆ ಅನುಮಾನ ಇರಬಹುದು. ಅಮೆರಿಕದ ಆಸ್ಟಿನ್ ನಗರದಲ್ಲಿ 1980ರಲ್ಲಿ ಒಂದು ಸೇತುವೆ ದುರಸ್ತಿ ಮಾಡಿದರು. ಅಡಿಯ ಸಂದುಗಳಿಗೆ ಲಕ್ಷಗಟ್ಟಲೆ ಬಾವಲಿ ಬಂದು ಸೇರಿದವು. ಅವನ್ನು ಕೊಲ್ಲಿಸಿ ಅಂತ ಜನ ಅರ್ಜಿ ಕೊಟ್ಟರು. ಬಾವಲಿ ತಜ್ಞ ಮರ್ಲಿನ್ ಟಟಲ್ 1986ರಲ್ಲಿ ತಮ್ಮ ಸಂಸ್ಥೆಯನ್ನೇ ಆ ಊರಿಗೆ ತಂದು, ಪತ್ರಿಕೆಯವರ ಜೊತೆ, ಅಧಿಕಾರಿಗಳ ಜೊತೆ ಕೂತು ಮಾತಾಡಿದರು. ಇವತ್ತು ಬಾವಲಿ ಹೊರಡುವುದನ್ನು ನೋಡಲು ಆ ಸೇತುವೆ ಮೇಲೆ ಪ್ರವಾಸಿಗರು ಸಾಲುಗಟ್ಟಿ ನಿಲ್ಲುತ್ತಾರೆ. ಅಷ್ಟು ದೂರ ಯಾಕೆ, ತಮಿಳುನಾಡಿನ ಕೆಲವು ಹಳ್ಳಿಗಳಲ್ಲಿ ಆಲದ ಮರದ ಬಾವಲಿಗೆ ತೊಂದರೆ ಆಗುತ್ತದೆ ಅಂತ ದೀಪಾವಳಿಗೆ ಪಟಾಕಿ ಹೊಡೆಯುವುದಿಲ್ಲ. ಅವರಿಗೆ ಯಾರೂ ಪೋಸ್ಟರ್ ಹಂಚಿರಲಿಲ್ಲ. ಇನ್ನು ನಮ್ಮ ಮೈಸೂರು. ಅಮೆರಿಕದಿಂದ ಬಂದ ಸ್ಯಾಲಿ ವಾಕರ್ ಮೈಸೂರು ಮೃಗಾಲಯದ ಗೆಳೆಯರ ಬಳಗ ಕಟ್ಟಿ, 1985ರಲ್ಲಿ ಜೂ ಔಟ್‌ರೀಚ್ ಸಂಸ್ಥೆ ಶುರು ಮಾಡಿದರು. ಅದು ಮುಂದೆ ಕೊಯಮತ್ತೂರಿನಿಂದ ಮುಖವಾಡ, ಚಿತ್ರಪುಸ್ತಕಗಳ ಪೊಟ್ಟಣ ಮಾಡಿ ದಕ್ಷಿಣ ಏಷ್ಯಾದ ಶಾಲೆಗಳಿಗೆ ಬಾವಲಿ ಪಾಠ ತಲುಪಿಸಿತು.

ಕಾನೂನು ನಿಧಾನ. 1972ರ ವನ್ಯಜೀವಿ ಕಾಯ್ದೆ ಹಣ್ಣುಬಾವಲಿಯನ್ನು ಇಲಿ, ಕಾಗೆಗಳ ಜೊತೆ ಪೀಡೆಯ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು. ಐವತ್ತು ವರ್ಷ ಬೇಕಾಯಿತು.

ಕೊನೆಯದಾಗಿ, ಕೋಲಾರದ ಬಾವಲಿಯನ್ನು ಮಕ್ಕಳಿಗೆ ತೋರಿಸಬಹುದಾ ಅಂತ ಚೀಟಿಯಲ್ಲಿ ಒಬ್ಬರು ಕೇಳಿದ್ದೀರಿ. ಕೇಳಿದ್ದು ಒಳ್ಳೆಯದಾಯಿತು. ಕೋಲಾರ ಎಲೆಮೂಗಿನ ಬಾವಲಿಯನ್ನು ವಿಜ್ಞಾನಿಗಳು ಹೊಸ ಜಾತಿ ಅಂತ ವಿವರಿಸಿದ್ದು 1994ರಲ್ಲಿ. ಮೊದಲು ಕೋಲಾರ ಜಿಲ್ಲೆಯ ತೇರಹಳ್ಳಿಯ ಕಡೆಯೂ ಇತ್ತು. ಈಗ ಇರುವುದು ಹನುಮನಹಳ್ಳಿಯ ಒಂದೇ ಗುಹೆಯಲ್ಲಿ, 200ಕ್ಕಿಂತ ಕಡಿಮೆ. ಇಡೀ ಪ್ರಪಂಚದಲ್ಲಿ ಅಷ್ಟೇ. ಅದಕ್ಕೆ ದೊಡ್ಡ ಅಪಾಯ ಗ್ರಾನೈಟ್ ಗಣಿಗಾರಿಕೆ. ಬೆಂಗಳೂರಿನ ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್ ಅರಣ್ಯ ಇಲಾಖೆಯ ಜೊತೆ ಸೇರಿ ಅದನ್ನು ಉಳಿಸುವ ಕೆಲಸ ಮಾಡುತ್ತಿದೆ.

ತೋರಿಸಬಹುದಾ? ಬೇಡ. ಒಂದು ಬಸ್ಸು ಮಕ್ಕಳು, ಹತ್ತು ಟಾರ್ಚು, ಒಂದು ಸೆಲ್ಫಿ ಸಾಕು ಆ ಗುಹೆಯ ಶಾಂತಿ ಕೆಡಿಸಲು. ಅವಕ್ಕೆ ಹಾರಿಹೋಗಲು ಇನ್ನೊಂದು ಗುಹೆ ಇಲ್ಲ. ಚಿತ್ರ ತೋರಿಸಿ. ಆಮೇಲೆ ಮಕ್ಕಳಿಗೆ ಮನೆಯ ಅಡುಗೆಕಟ್ಟೆಯ ಕಲ್ಲು, ಮೆಟ್ಟಿಲಿನ ಕಲ್ಲು ಎಲ್ಲಿಂದ ಬಂತು ಅಂತ ಅಪ್ಪ ಅಮ್ಮನನ್ನು ಕೇಳಿಕೊಂಡು ಬರಲು ಹೇಳಿ. ಗೊತ್ತಿಲ್ಲ ಅಂತ ಬಂದರೆ ಅಂಗಡಿಯಲ್ಲಿ ಕೇಳಲಿ. ಹನುಮನಹಳ್ಳಿಯ ಗುಹೆಯ ಬಗ್ಗೆ ಅಲ್ಲಿನ ಮಕ್ಕಳಿಗೆ ಹೇಳಬೇಕಾದವರು ಆ ಊರಿನ ಶಾಲೆಯ ಮೇಷ್ಟ್ರು. ಅವರಿಗೆ ಕನ್ನಡದಲ್ಲಿ ಒಳ್ಳೆಯ ಚಿತ್ರಪಟ ಮಾಡಿಕೊಡಿ, ಅಂಚೆಯಲ್ಲಿ ಕಳಿಸಿ.